ಅತ್ತೆಯ ರಕ್ತಕ್ಕೆ ಸೇರಿದ್ದೆಷ್ಟು

ದಾವಣಗೆರೆ
5 ಆಗಸ್ಟ್ 2024

ಅಪ್ಪಾಜಿಗೆ ಶರಣು.

ಹರಿಹರಕ್ಕೂ ದಾವಣಗೆರೆಗೂ ಹದಿನಾಲ್ಕು ಕಿಲೋಮೀಟರ್. ಇಷ್ಟು ದೂರಕ್ಕೆ ಕಾಗದ ಬರೆಯುವ ಮಗಳು ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ಫೋನಿನಲ್ಲಿ ಎರಡನೇ ಪ್ರಶ್ನೆ ಕೇಳುವುದರೊಳಗೆ ನೀವು "ಕೂಗಬ್ಯಾಡ, ಕೂಗಿದ್ರೆ ಇಡ್ತೀನಿ ನೋಡು" ಎಂದು ಇಟ್ಟೇಬಿಡುತ್ತೀರಿ. ಅದಕ್ಕೇ ನಿಮ್ಮ ಬೀದಿಯ ಲಿಂಗಣ್ಣನವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಹೇಗೂ ದಿನಾ ಇಲ್ಲಿಗೆ ಕೆಲಸಕ್ಕೆ ಬಂದುಹೋಗುತ್ತಾರೆ. ದಯವಿಟ್ಟು ಪೂರ್ತಿ ಓದಿ.

ಶುಕ್ರವಾರ ಬೆಳಗಿನ ಜಾವ ಅತ್ತೆಗೆ ಮತ್ತೆ ಫಿಟ್ಸ್ ಬಂದು, ಬಚ್ಚಲ ಕಟ್ಟೆಗೆ ಹಣೆ ಬಡಿದು ನಾಲ್ಕು ಹೊಲಿಗೆ ಬಿದ್ದಿವೆ. ನನಗೆ ಗೊತ್ತಾಗಿದ್ದು ಭಾನುವಾರ! ಆರು ವರ್ಷ ಸುಳಿಯದಿದ್ದ ಫಿಟ್ಸ್ ಫೆಬ್ರವರಿಯಿಂದ ಈಚೆಗೆ ಐದು ಸಲ ಬಂದಿದೆ. ಐದೂ ಬೆಳಗಿನ ಜಾವವೇ. ಹತ್ತು ಗಂಟೆಯ ಹೊತ್ತಿಗೆ ಬೇರೆ ಕಥೆ: ತಲೆ ತಿರುಗುತ್ತದೆ, ಒಂದು ಲೋಟ ಎರಡಾಗಿ ಕಾಣುತ್ತದೆ, ಗೋಡೆ ಹಿಡಿದು ನಡೆಯುತ್ತಾರೆ. ಮೇ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಔಷಧಿ ಹೆಚ್ಚಾಗಿದೆ ಎಂದು ಡಾಕ್ಟರು ಮಾತ್ರೆ ಕಡಿಮೆ ಮಾಡಿದರು. ಜುಲೈನಲ್ಲಿ ಮಾಡಿಸಿದರೆ ಕಡಿಮೆಯಾಗಿದೆ ಎಂದು ಮತ್ತೆ ಹೆಚ್ಚಿಸಿದರು. ಕೊನೆಗೆ ಫೈಲಿನಲ್ಲಿ "ರೋಗಿ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ" ಎಂದು ಬರೆದರು. ಅತ್ತೆ ಅದನ್ನು ಓದಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಅತ್ತರು. ಅವ್ವ ಹೋದ ಮೇಲೆ ಹನ್ನೊಂದು ವರ್ಷದ ನನಗೆ ಜಡೆ ಹಾಕಿ, ಅನ್ನ ಇಟ್ಟು ಸಾಕಿದ ಅತ್ತೆ. ನನಗೆ ಸಂಕಟವಾಗುವುದಿಲ್ಲವೇ?

ಈಗ ನನ್ನ ಪ್ರಶ್ನೆಗಳು. ಮಾತ್ರೆ ಎಷ್ಟು ಗಂಟೆಗೆ? ಊಟಕ್ಕೆ ಮೊದಲೋ ಆಮೇಲೋ? ಯಾವ ಕಂಪನಿಯದು? ಫೆಬ್ರವರಿಯಲ್ಲಿ ಮನೆಯಲ್ಲಿ ಏನು ಬದಲಾಯಿತು? ನಿಮ್ಮ ಹಳೇ ಆಸ್ಪತ್ರೆಯ ಕಥೆ ಬೇಡ, ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯಿರಿ. ಮುಂದಿನ ಸಲ ಅವರು ಒಲೆಯ ಮುಂದೆ ಬಿದ್ದರೆ ಏನು ಗತಿ ಎಂದು ಯೋಚಿಸಿ.

ನಿಮ್ಮ ಮಗಳು,
ರೂಪಶ್ರೀ

•

ಹರಿಹರ
9 ಆಗಸ್ಟ್ 2024

ಚಿ. ರೂಪಾಳಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಸಮನ್ಸ್ ಬಂದಂತಾಯಿತು. ಲಿಂಗಣ್ಣ ಬಾಗಿಲಲ್ಲೇ ನಿಂತು "ಏನ್ರೀ ಉಜ್ಜನಪ್ಪಾರೆ, ಮಗಳು ಆಸ್ತಿ ಕೇಳ್ಯಾಳೇನು?" ಎಂದ. ಬೀದಿಗೆಲ್ಲ ಗೊತ್ತಾಯಿತು, ಸಂತೋಷ.

ಬೆಳಿಗ್ಗೆ ಎಂಟು, ರಾತ್ರಿ ಎಂಟು. ತಿಂಡಿಯ ಮೇಲೆ, ಊಟದ ಮೇಲೆ. ನನ್ನ ಕೈಯಿಂದಲೇ ಕೊಡುತ್ತೇನೆ. ಮೂವತ್ತೆಂಟು ವರ್ಷ ಕಾಂಪೌಂಡರ್ ಆಗಿದ್ದವನು ನಾನು. ದೊಡ್ಡ ಡಾಕ್ಟರು ಬರೆದ ಚೀಟಿ ಓದಲು ಹರಿಹರದಲ್ಲಿ ನನ್ನೊಬ್ಬನಿಗೇ ಬರುತ್ತಿತ್ತು. ಭಾನುವಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದವರು ಡಾಕ್ಟರಿಗೆ ಕೈ ಮುಗಿದು, ಔಷಧಿ ಹೇಗೆ ತೆಗೆದುಕೊಳ್ಳಬೇಕೆಂದು ನನ್ನನ್ನು ಕೇಳುತ್ತಿದ್ದರು. ಒಂದು ಹೊತ್ತೂ ತಪ್ಪಿಸಿಲ್ಲ. ಫೈಲಿನಲ್ಲಿ ಹಾಗೆ ಬರೆದ ಹುಡುಗ ಡಾಕ್ಟರನಿಗೆ ನಾನು ಹೇಳಿದೆ ಅಂತ ಹೇಳು.

ಬದಲಾಗಿದ್ದು ಏನೂ ಇಲ್ಲ. ಬದಲಾಗಿದ್ದರೆ ಕಂಪನಿಯವರ ಮಾತ್ರೆ ಬದಲಾಗಿರಬೇಕು. ಮೊದಲಿನಂತೆ ಯಾರು ಮಾಡುತ್ತಾರೆ? ಸುಣ್ಣ ತುಂಬಿ ಬಣ್ಣ ಬಳಿದು ಕಳಿಸಿರುತ್ತಾರೆ. ಒಂದು ಸಲ ಹೆಚ್ಚು, ಒಂದು ಸಲ ಕಡಿಮೆ ಎಂದು ಬಂದರೆ ತಪ್ಪು ಮಾತ್ರೆಯದು, ಇಲ್ಲವೇ ಲ್ಯಾಬಿನದು. ಔಷಧಿ ಕಾಲೇಜಿನಲ್ಲಿ ಪಾಠ ಹೇಳುವವಳು ನೀನು, ಅದನ್ನು ಮೊದಲು ನೋಡು. ಆಮೇಲೆ ಅಪ್ಪನ ವಿಚಾರಣೆ ಮಾಡುವೆಯಂತೆ.

ಉಮಾ ಹೊಲಿಗೆ ಬಿಚ್ಚಿಸಿಕೊಂಡು ಬಂದಳು. ರೊಟ್ಟಿ ಬಡಿಯುತ್ತೇನೆ ಎಂದಳು, ನಾನು ಬೇಡವೆಂದೆ, ಇಬ್ಬರಿಗೂ ಜಗಳವಾಯಿತು.

ಉಜ್ಜನಪ್ಪ

•

ದಾವಣಗೆರೆ
18 ಆಗಸ್ಟ್ 2024

ಅಪ್ಪಾಜಿಗೆ ಶರಣು.

ಕಂಪನಿ ಮೂರು ವರ್ಷದಿಂದ ಅದೇ. ಅಂಗಡಿಯಲ್ಲಿ ವಿಚಾರಿಸಿದೆ. ಲ್ಯಾಬನ್ನೂ ವಿಚಾರಿಸಿದೆ, ಅಲ್ಲಿ ತಪ್ಪಿಲ್ಲ. ನಾವೆಲ್ಲ ತಪ್ಪು ಮಾಡುತ್ತಿರುವುದು ಬೇರೆ ಕಡೆ. ಎರಡೂ ಸಲ ಒಂದೊಂದೇ ಹನಿ ನೋಡಿ ತೀರ್ಮಾನ ಮಾಡಿದ್ದೇವೆ. ಮೇ ತಿಂಗಳಲ್ಲಿ ರಕ್ತ ತೆಗೆದದ್ದು ಹತ್ತೂವರೆಗೆ, ಮಾತ್ರೆ ಆದ ಮೇಲೆ. ಜುಲೈನಲ್ಲಿ ಬೆಳಿಗ್ಗೆ ಏಳೂವರೆಗೆ, ಮಾತ್ರೆಗೆ ಮೊದಲು. ಚೀಟಿಯಲ್ಲಿ ಸಮಯ ಇತ್ತು, ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ, ಅದಕ್ಕೆ ನನ್ನ ಮೇಲೇ ಸಿಟ್ಟಿದೆ.

ನಿಮಗೆ ಗೊತ್ತಿಲ್ಲವೆಂದಲ್ಲ, ಆದರೂ ಬರೆಯುತ್ತೇನೆ. ಮಾತ್ರೆಯಲ್ಲಿ ಎಷ್ಟು ಔಷಧಿ ಇದೆ ಎಂಬುದು ಒಂದು ಲೆಕ್ಕ. ಅದರಲ್ಲಿ ರಕ್ತಕ್ಕೆ ಸೇರುವುದು ಎಷ್ಟು, ಎಷ್ಟು ಬೇಗ ಎಂಬುದು ಇನ್ನೊಂದು. ಈ ಎರಡನೆಯದಕ್ಕೇ ನಮ್ಮ ಪುಸ್ತಕದಲ್ಲಿ ಜೈವಿಕ ಲಭ್ಯತೆ ಎನ್ನುತ್ತಾರೆ. ನರಕ್ಕೆ ಚುಚ್ಚಿದ್ದು ನೂರಕ್ಕೆ ನೂರೂ ರಕ್ತದಲ್ಲೇ ಇರುತ್ತದೆ. ನುಂಗಿದ್ದು ಹೊಟ್ಟೆಯಲ್ಲಿ ಕರಗಬೇಕು, ಕರುಳು ಎಳೆದುಕೊಳ್ಳಬೇಕು, ಲಿವರಿನಲ್ಲಿ ಸುಂಕ ಕಟ್ಟಿ ಮುಂದೆ ಹೋಗಬೇಕು. ಭದ್ರಾ ನಾಲೆಗೆ ಡ್ಯಾಮಿನಲ್ಲಿ ಎಷ್ಟು ಬಿಟ್ಟರು ಎಂದು ಪೇಪರಿನಲ್ಲಿ ಬರುತ್ತದೆ. ಭಾನುವಳ್ಳಿಯ ನಮ್ಮ ಗದ್ದೆಗೆ ಬಂದದ್ದೆಷ್ಟು ಎಂದು ತಿಳಿಯಲು ನೀವು ತೂಬಿನ ಹತ್ತಿರವೇ ನಿಂತು ನೋಡುತ್ತಿದ್ದಿರಲ್ಲ, ಹಾಗೆ. ಅದೂ ಒಂದು ಸಲವಲ್ಲ, ಬೆಳಿಗ್ಗೆಯಿಂದ ಸಂಜೆಯವರೆಗೆ.

ಅತ್ತೆಗೆ ಅದನ್ನೇ ಮಾಡಬೇಕು. ಒಂದು ದಿನ ಇಲ್ಲಿನ ಆಸ್ಪತ್ರೆಯಲ್ಲಿ ಮಲಗಿಸಿ, ಕೈಗೆ ಒಂದೇ ಸೂಜಿ ಹಾಕಿ ಬಿಟ್ಟು, ಎಂಟು ಸಲ ರಕ್ತ ತೆಗೆಯುತ್ತಾರೆ. ಎಂಟು ಚುಕ್ಕೆ ಇಟ್ಟು ಗೆರೆ ಎಳೆದರೆ ಔಷಧಿ ಯಾವಾಗ ಏರಿತು, ಯಾವಾಗ ಇಳಿಯಿತು, ಗೆರೆಯ ಕೆಳಗಿನ ಜಾಗವನ್ನೆಲ್ಲ ಕೂಡಿದರೆ ಒಟ್ಟು ಎಷ್ಟು ಸೇರಿತು, ಎಲ್ಲ ಗೊತ್ತಾಗುತ್ತದೆ. ಡಾಕ್ಟರನ್ನು ಒಪ್ಪಿಸಿದ್ದೇನೆ. ಅವರಿಗೂ ಬೇಸರ ಬಂದಿದೆ. ಇನ್ನೊಂದು ಸಲ ಫಿಟ್ಸ್ ಬಂದರೆ ಎರಡನೇ ಔಷಧಿ ಸೇರಿಸುತ್ತೇನೆ ಎನ್ನುತ್ತಿದ್ದಾರೆ. ಇರುವ ಒಂದಕ್ಕೇ ಅತ್ತೆ ತೂರಾಡುತ್ತಿದ್ದಾರೆ.

ಸೆಪ್ಟೆಂಬರ್ ಹದಿನಾಲ್ಕು, ಬೆಳಿಗ್ಗೆ ಏಳೂವರೆಗೆ ಬನ್ನಿ. ನನಗೆ ಅವತ್ತು ಪರೀಕ್ಷೆಯ ಡ್ಯೂಟಿ, ಸಂಜೆ ಬರುತ್ತೇನೆ. ಮನೆಯಲ್ಲಿ ಹೇಗೆ ಕೊಡುತ್ತೀರೋ ಹಾಗೇ ಕೊಡಿ, ಅದೇ ಮಾತ್ರೆ, ಅದೇ ಹೊತ್ತು. ಏನೂ ಬದಲಿಸಬೇಡಿ.

ರೂಪಶ್ರೀ

•

ಹರಿಹರ
15 ಸೆಪ್ಟೆಂಬರ್ 2024

ಚಿ. ರೂಪಾಳಿಗೆ.

ನಿನ್ನ ಮಾತಿನಂತೆ ನಡೆದುಕೊಂಡೆ. ನೀನು ಸಂಜೆ ಬರುತ್ತೇನೆ ಎಂದವಳು ಎಂಟಕ್ಕೆ ಬಂದೆ. ಅಷ್ಟರಲ್ಲಿ ಉಮಾಳ ಕೈ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

ಆ ನರ್ಸ್ ಅಖ್ತರ್ ಬಾನು ಒಳ್ಳೆಯವಳು. "ಅಮ್ಮಾ, ಇದೊಂದೇ ಸೂಜಿ, ಸಂಜೀತನಕ ಮತ್ತ ಚುಚ್ಚಾದಿಲ್ಲ, ಹೆದರಬ್ಯಾಡ್ರಿ" ಎಂದು ಧೈರ್ಯ ಹೇಳಿದಳು. ಎಂಟಕ್ಕೆ ಮೊದಲ ರಕ್ತ ತೆಗೆದು, ಅವಳು ಸಮಯ ಬರೆಯಲು ಆ ಕಡೆ ತಿರುಗಿದಾಗ ನಾನು ಔಷಧಿ ಕೊಟ್ಟೆ. ಆಮೇಲೆ ಒಂಬತ್ತು, ಹತ್ತು, ಹನ್ನೊಂದು, ಒಂದು, ಮೂರು, ಐದು, ಎಂಟು. ಗಡಿಯಾರ ನೋಡಿ ನೋಡಿ ನನಗೇ ತಲೆ ತಿರುಗಿತು. ಹನ್ನೊಂದಕ್ಕೆ ಉಮಾ "ಅಣ್ಣಾ, ಫ್ಯಾನು ಎರಡು ಅದಾವೇನು?" ಎಂದಳು. ಒಂದೇ ಇತ್ತು. ಮಧ್ಯಾಹ್ನ ಮಂಡಕ್ಕಿ ಬೇಕೆಂದಳು, ಆಸ್ಪತ್ರೆಯವರು ಕೊಡಲಿಲ್ಲ. ಉಪ್ಪಿಲ್ಲದ ಅನ್ನ ಕೊಟ್ಟರು, ಅರ್ಧ ಬಿಟ್ಟಳು.

ಇದರಿಂದೆಲ್ಲ ಏನು ತಿಳಿಯಿತು ಎಂದು ಬೇಗ ಬರಿ. ಕಂಪನಿಯವರನ್ನು ಬಿಡಬೇಡ.

ಉಜ್ಜನಪ್ಪ

•

ದಾವಣಗೆರೆ
29 ಸೆಪ್ಟೆಂಬರ್ 2024

ಅಪ್ಪಾಜಿಗೆ.

ಗ್ರಾಫ್ ಹಾಳೆ ಜೊತೆಗಿಟ್ಟಿದ್ದೇನೆ. ಈ ಔಷಧಿ ರಕ್ತದಲ್ಲಿ ನಾಲ್ಕರಿಂದ ಹನ್ನೆರಡರ ನಡುವೆ ಇರಬೇಕು. ಅತ್ತೆಗೆ ಬೆಳಿಗ್ಗೆ ಎಂಟಕ್ಕೆ ಮೂರೂವರೆ ಇತ್ತು. ಹತ್ತಕ್ಕೆ ಹದಿನಾಲ್ಕು! ಹನ್ನೊಂದಕ್ಕೂ ಅಷ್ಟೇ. ಆಮೇಲೆ ಜಾರುತ್ತಾ ಬಂದು ರಾತ್ರಿ ಎಂಟಕ್ಕೆ ಮತ್ತೆ ನಾಲ್ಕಕ್ಕಿಂತ ಕೆಳಗೆ. ತಲೆ ಯಾಕೆ ತಿರುಗುತ್ತದೆ, ಬೆಳಗಿನ ಜಾವವೇ ಯಾಕೆ ಫಿಟ್ಸ್ ಬರುತ್ತದೆ, ಎರಡಕ್ಕೂ ಉತ್ತರ ಇದರಲ್ಲೇ ಇದೆ. ಅತ್ತೆ ಒಂದು ಮಾತ್ರೆಯನ್ನೂ ತಪ್ಪಿಸಿಲ್ಲ. ಒಟ್ಟು ಕೂಡಿದರೆ ಸೇರಬೇಕಾದಷ್ಟು ಔಷಧಿ ಸೇರಿದೆ. ಸೇರಿದ ವೇಗ ತಪ್ಪಾಗಿದೆ. ಫೈಲಿನಲ್ಲಿ ಬರೆದದ್ದನ್ನು ಡಾಕ್ಟರ ಕೈಯಲ್ಲೇ ಹೊಡೆದುಹಾಕಿಸಿದ್ದೇನೆ.

ಆದರೆ ಇದು ಹನ್ನೆರಡು ಗಂಟೆ ನಿಧಾನವಾಗಿ ಔಷಧಿ ಬಿಡುವ ಮಾತ್ರೆ. ಗೆರೆ ಹೀಗೆ ಗುಡ್ಡ ಹತ್ತಿ ಇಳಿಯಬಾರದು, ಹೆಚ್ಚುಕಡಿಮೆ ಮಟ್ಟಸವಾಗಿರಬೇಕು. ನಾನೂ ನಿಮ್ಮಂತೆಯೇ ಕಂಪನಿಯನ್ನು ಬೈದುಕೊಂಡೆ. ಅಂಗಡಿಯಿಂದ ಅದೇ ಬ್ಯಾಚಿನ ಆರು ಮಾತ್ರೆ ತಂದು ನಮ್ಮ ಕಾಲೇಜಿನ ಯಂತ್ರಕ್ಕೆ ಹಾಕಿದೆ. ಮೈ ಬಿಸಿಯಷ್ಟು ಬಿಸಿಯ ನೀರಿನಲ್ಲಿ ಮಾತ್ರೆ ತಿರುಗುತ್ತದೆ, ಗಂಟೆಗೊಮ್ಮೆ ಎಷ್ಟು ಕರಗಿದೆ ಎಂದು ಅಳೆಯುತ್ತೇವೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಪಕ್ಕದಲ್ಲೇ ಕೂತೆ. ಆರೂ ಮಾತ್ರೆ ನಿಧಾನವಾಗಿ, ಹೇಗೆ ಕರಗಬೇಕೋ ಹಾಗೇ ಕರಗಿದವು. ಮಾತ್ರೆಯದು ಏನೂ ತಪ್ಪಿಲ್ಲ.

ಅಪ್ಪಾಜಿ, ಸ್ಟ್ರಿಪ್ಪಿನಿಂದ ತೆಗೆದ ಮೇಲೆ ಅತ್ತೆಯ ಬಾಯಿಗೆ ಹಾಕುವವರೆಗೆ ನೀವು ಆ ಮಾತ್ರೆಯನ್ನು ಏನು ಮಾಡುತ್ತೀರಿ?

ರೂಪಶ್ರೀ

•

ಹರಿಹರ
2 ಅಕ್ಟೋಬರ್ 2024

ಚಿ. ರೂಪಾಳಿಗೆ.

ಇದರಲ್ಲಿ ಕೇಳುವುದೇನಿದೆ? ಪುಡಿ ಮಾಡುತ್ತೇನೆ. ನನ್ನ ಹಳೇ ಕಲ್ಬತ್ತಿನಲ್ಲಿ ನುಣ್ಣಗೆ ಅರೆದು, ವಾರದ ಹದಿನಾಲ್ಕು ಪೊಟ್ಟಣ ಭಾನುವಾರವೇ ಕಟ್ಟಿಡುತ್ತೇನೆ. ಜೇನುತುಪ್ಪದಲ್ಲಿ ಕಲಸಿ ಕೊಡುತ್ತೇನೆ. ಹಿಂದೆ ಇಡೀ ಆಸ್ಪತ್ರೆಗೆ ಹೀಗೇ ಕೊಟ್ಟವನು ನಾನು. ಮಾತ್ರೆ ನುಂಗಿದರೇನು, ಪುಡಿ ನೆಕ್ಕಿದರೇನು, ಹೊಟ್ಟೆಯಲ್ಲಿ ಎಲ್ಲ ಒಂದೇ. ಪುಡಿಯಾದರೆ ಮೈಗೆ ಬೇಗ ಹತ್ತುತ್ತದೆ, ಅದೂ ಒಳ್ಳೆಯದೇ ಅಲ್ಲವೇ?

ನಿನಗೆ ಜ್ವರ ಬಂದಾಗಲೂ ಇದೇ ಕಲ್ಬತ್ತು, ಇದೇ ಪೊಟ್ಟಣ. ಆಗ ಸುಮ್ಮನೆ ನೆಕ್ಕಿದೆ. ಈಗ ಗ್ರಾಫ್ ಹಾಳೆ ಕಳಿಸುತ್ತಿದ್ದೀಯ.

ಉಜ್ಜನಪ್ಪ

•

ದಾವಣಗೆರೆ
4 ಅಕ್ಟೋಬರ್ 2024

ಅಪ್ಪಾಜಿ,

ಮೂರು ಸಲ ಬರೆದು ಹರಿದು ಹಾಕಿದೆ. ಇದು ನಾಲ್ಕನೆಯದು.

ಆ ಮಾತ್ರೆ ನಿಧಾನವಾಗಿ ಕರಗುವಂತೆ ಮಾಡಲು ಜನ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿರುತ್ತಾರೆ. ಆರೋಗ್ಯವಾಗಿರುವವರನ್ನು ಮಲಗಿಸಿ, ಅತ್ತೆಗೆ ತೆಗೆದಂತೆ ರಕ್ತ ತೆಗೆದು, ಗೆರೆ ಸರಿ ಬಂದ ಮೇಲೆಯೇ ಮಾರಾಟಕ್ಕೆ ಬಿಡುತ್ತಾರೆ. ನೀವು ಭಾನುವಾರ ಬೆಳಿಗ್ಗೆ ಕೂತು ಅದೆಲ್ಲವನ್ನೂ ಹದಿನಾಲ್ಕು ಪೊಟ್ಟಣ ಮಾಡಿಬಿಟ್ಟಿರಿ. ಅರ್ಧ ದಿನಕ್ಕೆ ಹಂಚಿಕೊಳ್ಳಬೇಕಾದ ಔಷಧಿಯನ್ನು ಒಂದೇ ಸಲಕ್ಕೆ ಅತ್ತೆಯ ತಲೆಗೆ ಸುರಿದಿರಿ. ಎಂಟು ತಿಂಗಳು. ಸ್ಟ್ರಿಪ್ಪಿನ ಮೇಲೆ ಪುಡಿ ಮಾಡಬಾರದು, ಜಗಿಯಬಾರದು ಎಂದು ಬರೆದಿದೆ. ಎಲ್ಲರ ಚೀಟಿ ಓದುತ್ತಿದ್ದ ನಿಮಗೆ ಅದೊಂದು ಸಾಲು ಕಾಣಲಿಲ್ಲವೇ? ಫೆಬ್ರವರಿಯಲ್ಲಿ ಏನು ಬದಲಾಯಿತು ಎಂದು ಕೇಳಿದೆ. "ಏನೂ ಇಲ್ಲ" ಎಂದಿರಿ. ಸುಳ್ಳು ಹೇಳಿದಿರಿ.

ಡಾಕ್ಟರ ಮುಂದೆ ಇದನ್ನು ಮಾಡಿದ್ದು ನನ್ನ ಅಪ್ಪ ಎನ್ನಲು ನಾಚಿಕೆಯಾಯಿತು. ನಿಮ್ಮ ಹಟಕ್ಕೆ ಅತ್ತೆಯ ಜೀವ ಹೋಗುತ್ತಿತ್ತು. ಮನೆಯಲ್ಲಿ ಪುಡಿ ಮಾಡಲು ಏನೂ ಸಿಗಬಾರದೆಂದು ಡಾಕ್ಟರು ಅದೇ ಔಷಧಿಯ ಸಿರಪ್ ಬರೆದಿದ್ದಾರೆ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕು ಹೊತ್ತು. ಅಳತೆ ಮುಚ್ಚಳದಲ್ಲಿ ಅತ್ತೆಯೇ ಹಾಕಿಕೊಳ್ಳಲಿ. ನೀವು ಮುಟ್ಟಬೇಡಿ. ಭಾನುವಾರ ಕಾರು ಕಳಿಸುತ್ತೇನೆ, ಅತ್ತೆ ಇನ್ನು ನನ್ನ ಹತ್ತಿರ ಇರಲಿ.

ರೂಪಶ್ರೀ

•

ಹರಿಹರ
21 ಅಕ್ಟೋಬರ್ 2024

ರೂಪಾ,

ಕಾರು ಬಂತು, ಖಾಲಿ ಹೋಯಿತು. ಉಮಾ ಬರಲಿಲ್ಲ. ನಾನು ತಡೆಯಲಿಲ್ಲ, ಬೇಕಾದರೆ ಅವಳನ್ನೇ ಕೇಳು. ಸಿರಪ್ ಅವಳೇ ಹಾಕಿಕೊಳ್ಳುತ್ತಿದ್ದಾಳೆ. ನಾನು ಆ ಬಾಟಲಿಯ ಹತ್ತಿರವೂ ಹೋಗುವುದಿಲ್ಲ.

ಒಂದು ವಿಷಯ ಕೇಳಬೇಕು. ನಾನು ನೌಕರಿ ಬಿಟ್ಟ ಮೇಲೂ ಕೆಲವರು ಮನೆಗೆ ಬಂದು ಪುಡಿ ಮಾಡಿಸಿಕೊಂಡು ಹೋಗುತ್ತಿದ್ದರು. ಭಾನುವಳ್ಳಿಯ ಮಾರಣ್ಣನಿಗೆ ಬಿಪಿ ಮಾತ್ರೆ. ಕುಕ್ಕುವಾಡದ ಸುಂಕಲಮ್ಮನಿಗೆ ಸಕ್ಕರೆ ಕಾಯಿಲೆಯದು. ಇಬ್ಬರೂ ಈಗ ಇಲ್ಲ. ಮಾರಣ್ಣನದು ಬಿಳಿ, ಸಣ್ಣದು, ನಡುವೆ ಗೆರೆ ಇತ್ತು. ಸುಂಕಲಮ್ಮನದು ಉದ್ದ, ದಪ್ಪ. ಅವು ಪುಡಿ ಮಾಡಬಾರದವೇನು? ಹೌದೋ ಅಲ್ಲವೋ ಅಷ್ಟು ಬರಿ. ಸಮಾಧಾನ ಮಾಡಲು ಏನೂ ಬರೆಯಬೇಡ.

ಉಜ್ಜನಪ್ಪ

•

ದಾವಣಗೆರೆ
3 ನವೆಂಬರ್ 2024

ಅಪ್ಪಾಜಿಗೆ.

ಮಾರಣ್ಣನವರ ಮಾತ್ರೆ ನೀವು ಹೇಳಿದ ಗುರುತಿನ ಮೇಲೆ ಸಾಮಾನ್ಯದ್ದೇ ಇರಬೇಕು. ಅದನ್ನು ಪುಡಿ ಮಾಡಿದರೆ ತೊಂದರೆಯಿಲ್ಲ. ಸುಂಕಲಮ್ಮನವರದು ಎರಡು ಬಗೆಯಲ್ಲೂ ಬರುತ್ತದೆ, ಹೆಸರು ಗೊತ್ತಿಲ್ಲದೆ ಹೇಳಲಾಗುವುದಿಲ್ಲ. ಅವರು ತೀರಿಕೊಂಡಿದ್ದು ಬಸ್ಸು ಹಾಯ್ದು, ನನಗೆ ನೆನಪಿದೆ.

ಹಬ್ಬಕ್ಕೆ ಬರಲಾಗಲಿಲ್ಲ, ಪೇಪರ್ ತಿದ್ದುವುದಿತ್ತು.

ರೂಪಶ್ರೀ

•

ಹರಿಹರ
1 ಡಿಸೆಂಬರ್ 2024

ನನ್ನ ರೂಪಾಳಿಗೆ ಉಮಾ ಅತ್ತೆಯ ಆಶೀರ್ವಾದ.

ನಾನು ಓದಿದ್ದು ಏಳನೇ ಇಯತ್ತೆ, ತಪ್ಪು ಇದ್ದರೆ ನಗಬೇಡ. ನಿಮ್ಮಿಬ್ಬರ ಕಾಗದ ಓಡಾಡುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಲಿಂಗಣ್ಣ ಬಾಗಿಲಿಗೆ ಬಂದರೆ ನಿಮ್ಮಪ್ಪ ಒಳಗೆ ಹೋಗಿ ಮಲಗುತ್ತಾನೆ. ಹಬ್ಬಕ್ಕೆ ಪೇಪರ್ ತಿದ್ದುವುದಿತ್ತಂತೆ. ಯಾರಿಗೆ ಹೇಳುತ್ತೀ ಇದನ್ನು?

ಸಿರಪ್ ಹಿಡಿಸಿದೆ. ಒಂದೂವರೆ ತಿಂಗಳ ಮೇಲಾಯಿತು, ಫಿಟ್ಸ್ ಇಲ್ಲ, ಲೋಟ ಒಂದೇ ಕಾಣುತ್ತದೆ. ರೊಟ್ಟಿ ಬಡಿಯುತ್ತಿದ್ದೇನೆ. ನೀನು ಆ ಗೆರೆ ಎಳೆಸದಿದ್ದರೆ ನಾನು ಇಷ್ಟು ಹೊತ್ತಿಗೆ ಇರುತ್ತಿರಲಿಲ್ಲವೇನೋ. ನಿನ್ನ ಓದು ಸಾರ್ಥಕ ಅಂತ ಎಲ್ಲರ ಹತ್ತಿರ ಹೇಳಿಕೊಂಡಿದ್ದೇನೆ. ಈಗ ಬೈಯುವುದಿದೆ, ಕೇಳು.

ನಿಮ್ಮಪ್ಪ ಹಟಕ್ಕೆ ಪುಡಿ ಮಾಡಲಿಲ್ಲ. ಪುಡಿ ಮಾಡು ಅಂದದ್ದು ನಾನು. ಶಿವರಾತ್ರಿಗೆ ಹದಿನೈದು ದಿನ ಮೊದಲು ಮಾತ್ರೆ ಎದೆಯ ಹತ್ತಿರ ಸಿಕ್ಕಿಕೊಂಡು ಕಣ್ಣು ಮೇಲಾಯಿತು. ರೊಟ್ಟಿಯೂ ಒಮ್ಮೊಮ್ಮೆ ಹಾಗೇ ನಿಲ್ಲುತ್ತಿತ್ತು. "ಅಣ್ಣಾ, ನನಗ ನುಂಗಾಕ ಆಗವಲ್ದು" ಅಂದೆ. ಅವನ ಮುಖ ನೋಡಬೇಕಿತ್ತು ನೀನು. ನಿಮ್ಮವ್ವನೂ ಮೊದಲ ದಿನ ಹೀಗೇ ಅಂದಿದ್ದಳು. ಆಮೇಲೆ ಅವಳ ಗಂಟಲಲ್ಲಿ ನೀರೂ ಇಳಿಯಲಿಲ್ಲ, ನಾಲ್ಕು ತಿಂಗಳಿಗೆ ಹೋದಳು. ನಿನ್ನನ್ನು ಆಗ ಲೋಕಿಕೆರೆಗೆ ಕಳಿಸಿದ್ದರು, ನೀನು ನೋಡಲಿಲ್ಲ. ನಾವಿಬ್ಬರೂ ನೋಡಿದ್ದೇವೆ. "ಯಾರಿಗೂ ಹೇಳಬ್ಯಾಡ, ರೂಪಾಗಂತೂ ಬ್ಯಾಡ" ಅಂತ ಕೈ ಮೇಲೆ ಕೈ ಹಾಕಿಸಿಕೊಂಡೆ. ಅವನು ಏನೂ ಕೇಳದೆ ಕಲ್ಬತ್ತು ತೆಗೆದ. ಸ್ಟ್ರಿಪ್ಪಿನ ಮೇಲಿನ ಅಕ್ಷರ ಓದುವಷ್ಟು ಅವನ ಕಣ್ಣೂ ಇಲ್ಲ, ಅವತ್ತು ಮನಸ್ಸೂ ಇರಲಿಲ್ಲ. ನೀನು ನಾಚಿಕೆಯಾಯಿತು ಅಂತ ಬರೆದದ್ದನ್ನು ನನಗೆ ತೋರಿಸಲಿಲ್ಲ. ದಿಂಬಿನ ಕೆಳಗೆ ಇಟ್ಟುಕೊಂಡಿದ್ದ, ನಾನೇ ತೆಗೆದು ಓದಿದೆ. "ನನ್ನ ಹೆಸರು ಯಾಕ ಹೇಳಲಿಲ್ಲ?" ಅಂದರೆ "ಮಾತು ಕೊಟ್ಟಿದ್ದೆ" ಅಂದ.

ಎಲ್ಲ ಅಳೆದಿರಿ. ರಕ್ತ ಅಳೆದಿರಿ, ಮಾತ್ರೆ ಅಳೆದಿರಿ, ಗಂಟೆ ಅಳೆದಿರಿ. ಯಾಕೆ ಪುಡಿ ಮಾಡಬೇಕಾಯಿತು ಅಂತ ನೀನೂ ಕೇಳಲಿಲ್ಲ, ಯಾಕೆ ನುಂಗಲಾಗುವುದಿಲ್ಲ ಅಂತ ಅವನೂ ಕೇಳಲಿಲ್ಲ. ಕೇಳಿದರೆ ನಾನು ಹೇಳಿಬಿಟ್ಟೇನು ಅಂತ ಅವನಿಗೆ ಹೆದರಿಕೆ.

ಕಳೆದ ವಾರ ಡಾಕ್ಟರು ಕೇಳಿದರು. "ಸಿರಪ್ಪು ಸರಿ ಅಮ್ಮಾ, ಆದ್ರ ಮಾತ್ರೆ ಯಾಕ ಪುಡಿ ಮಾಡಿಸಿಕೊಂಡ್ರಿ, ನುಂಗಾಕ ಆಗಂಗಿಲ್ಲೇನು?" ಅಂದರು. ಹೇಳಿದೆ. ಗುರುವಾರ ಹನ್ನೊಂದಕ್ಕೆ ಗಂಟಲೊಳಗೆ ನಳಿಗೆ ಇಳಿಸಿ ನೋಡುತ್ತಾರಂತೆ. ಏನೂ ಇಲ್ಲದೆಯೂ ಇರಬಹುದು, ವಯಸ್ಸಿಗೆ ಹೀಗಾಗುತ್ತದೆ ಅಂದರು. ನನಗೆ ತುಂಬಾ ಹೆದರಿಕೆಯಾಗಿದೆ ರೂಪಾ. ಎಂಟು ಸಲ ರಕ್ತ ತೆಗೆದಾಗ ಇಷ್ಟು ಹೆದರಿರಲಿಲ್ಲ.

ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ನನ್ನ ಕೈಯಲ್ಲಿ ಆಗುವುದಿಲ್ಲ. ಬುಧವಾರ ರಜೆ ಹಾಕಿ ಬಾ, ನೀನೇ ಹೇಳು. ಎದುರಿಗೆ ನಿಂತು ಹೇಳಬೇಡ, ಪಕ್ಕದಲ್ಲಿ ಕೂತು, ಅವನ ಕೈ ಹಿಡಿದುಕೊಂಡು ಹೇಳು.

ನಿನ್ನ,
ಉಮಾ ಅತ್ತೆ